ಗೃಹಿಣಿಯ ಮಂಡಿ ಸವೆದರೆ ಯಾರಿಗೆ ನಷ್ಟ?

ಶಸ್ತ್ರಚಿಕಿತ್ಸೆಯ ನೆರವು ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಹೆಂಡತಿ ಸುನಂದಮ್ಮನ ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆಗೆ ನೆರವು ಕೋರಿದ್ದ ಅರ್ಜಿಯನ್ನು ನೀವು ತಿರಸ್ಕರಿಸಿದ್ದೀರಿ. ನಿಮ್ಮ ಹಿಂಬರಹ ಹೀಗಿದೆ: ‘ವಯೋಸಹಜ ಸವೆತ. ರೋಗಿಯು ಗೃಹಿಣಿ. ದುಡಿಮೆಗೆ ನಷ್ಟವಿಲ್ಲ. ಆದ್ಯತೆ ಇಲ್ಲ.’ ಒಬ್ಬ ಹೆಂಗಸಿನ ಮೂವತ್ತು ವರ್ಷವನ್ನು ಇಷ್ಟು ಚೊಕ್ಕಟವಾಗಿ ಗುಡಿಸಿ ಆಚೆ ಹಾಕಬಹುದೆಂದು ನನಗೆ ಗೊತ್ತಿರಲಿಲ್ಲ. ಅವಳಿಗೆ ಐವತ್ತೊಂದು ವರ್ಷ. ನಿಮ್ಮ ಕಚೇರಿಯಲ್ಲೂ ಆ ವಯಸ್ಸಿನವರು ಬೇಕಾದಷ್ಟಿದ್ದಾರೆ. ಅವರಲ್ಲಿ ಎಷ್ಟು ಮಂದಿ ಕುರ್ಚಿಯಿಂದ ಏಳಲು ಇನ್ನೊಬ್ಬರ ಕೈ ಹಿಡಿಯುತ್ತಾರೆ? ಇನ್ನೂ ತಡ ಮಾಡಿದರೆ ಅವಳ ಬಲಗಾಲು ನೆಟ್ಟಗಾಗುವುದೇ ಇಲ್ಲವೆಂದು ವೈದ್ಯರು ಹೇಳಿದ್ದಾರೆ.

ನಮ್ಮದು ಕಟ್ಟೆಮಳಲವಾಡಿ. ಎರಡೆಕರೆ ಹೊಗೆಸೊಪ್ಪು, ಅದನ್ನು ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸಲು ಒಂದು ಬ್ಯಾರನ್ ಮನೆ. ಬೆಳಿಗ್ಗೆ ಮುರಿದ ಸೊಪ್ಪನ್ನು ಅಂದೇ ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು; ರಾಶಿಯಲ್ಲೇ ಬಿಟ್ಟರೆ ಬಿಸಿಯೇರಿ ಕೆಡುತ್ತದೆ. ಏರಿಸುವವರು ನಾವು ಗಂಡಸರು, ನಿಂತು. ಕಟ್ಟುವವರು ಹೆಂಗಸರು, ದಿನವಿಡೀ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು. ಅಷ್ಟು ಜನರನ್ನು ಕೂಲಿಗೆ ಕರೆಯುವ ತಾಕತ್ತು ನಮಗಿಲ್ಲ. ಹಾಗಾಗಿ ಮುಯ್ಯಾಳು: ಇವತ್ತು ಅವರು ನಮ್ಮಲ್ಲಿಗೆ ಬಂದರೆ ನಾಳೆ ಇವಳು ಅವರಲ್ಲಿಗೆ ಹೋಗಬೇಕು. ದುಡ್ಡು ಕೈ ಬದಲಾಗುವುದಿಲ್ಲ. ನಿಮ್ಮ ಕಣ್ಣಿಗೆ ಅದು ದುಡಿಮೆಯಾಗಿ ಕಾಣದಿರುವುದಕ್ಕೆ ಬಹುಶಃ ಅದೇ ಕಾರಣ.

ಕಳೆದ ಆಗಸ್ಟಿನಲ್ಲಿ ಪಕ್ಕದ ಹೊಲದ ಪುಟ್ಟಲಕ್ಷ್ಮಿಯ ಮುಯ್ಯಿ ತೀರಿಸಲು ಇವಳು ನೋವಿನ ಮಾತ್ರೆ ನುಂಗಿ ಹೋದಳು. ನೆಲಕ್ಕೆ ಕೂರಲಾಗದೆ ಬಕೆಟ್ ಮಗುಚಿ ಅದರ ಮೇಲೆ ಕೂತಳು. ಮಧ್ಯಾಹ್ನ ಊಟಕ್ಕೆ ಏಳಲು ಆಗಲಿಲ್ಲ; ಇಬ್ಬರು ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು.

“ಅಕ್ಕಾ, ನಾಳಿಂದ ನೀ ಬರ್ಬ್ಯಾಡ ಬುಡು. ನಿನ್ ಮುಯ್ಯಿ ತೀರ್ತು ಅಂದ್ಕತೀನಿ” ಎಂದಳು ಪುಟ್ಟಲಕ್ಷ್ಮಿ. ಅವಳು ಕನಿಕರದಿಂದಲೇ ಹೇಳಿದ್ದು.

“ನಾ ಬರ್ದೇ ಇದ್ರೆ ನಮ್ ಸೊಪ್ಪಿಗ್ ಯಾರವ್ವ ಬತ್ತಾರೆ?” ಎಂದು ಇವಳು ಅತ್ತಳು.

ಯಾರೂ ಬರಲಿಲ್ಲ. ಅವರನ್ನು ದೂರಲಾರೆ, ಅವರ ಸೊಪ್ಪೂ ಕಾಯುವುದಿಲ್ಲ. ನರ್ಸಿಂಗ್ ಓದುತ್ತಿದ್ದ ಮಗಳು ಮಧುಶ್ರೀ ತರಗತಿ ಬಿಟ್ಟು ಬಂದು ಕಟ್ಟಿದಳು, ಪರೀಕ್ಷೆಗೆ ಹಾಜರಾತಿ ಸಾಲದಾಯಿತು. ಆದರೂ ಅರ್ಧ ಸೊಪ್ಪು ರಾಶಿಯಲ್ಲೇ ಕಪ್ಪಾಯಿತು. ತಾವು ಬರೆದ ‘ನಷ್ಟವಿಲ್ಲ’ ಎಂದರೆ ಇದೇ.

ಇದು ನಮ್ಮ ಮನೆಯೊಂದರ ಗೋಳಲ್ಲ. ಬಿಡುವಾದಾಗ ಹುಣಸೂರು ಬಸ್ ನಿಲ್ದಾಣಕ್ಕೆ ಬಂದು ನಿಲ್ಲಿ. ಕೆ.ಆರ್. ನಗರದ ಗದ್ದೆಯಲ್ಲಿ ನಾಟಿ ಹಾಕಿದವರು, ಎಚ್.ಡಿ. ಕೋಟೆಯಲ್ಲಿ ಹತ್ತಿ ಬಿಡಿಸಿದವರು, ಪಿರಿಯಾಪಟ್ಟಣದ ಸೊಪ್ಪಿನವರು ಕಂಬಿ ಹಿಡಿದು, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಮೇಲಿಡುವುದನ್ನು ನೋಡಿ. ಟಿಕೆಟ್ ಉಚಿತ ಸ್ವಾಮಿ, ಮೆಟ್ಟಿಲು ಮಾತ್ರ ಅವರೇ ಹತ್ತಬೇಕು. ಇವರೆಲ್ಲ ನಿಮ್ಮ ಕಡತದಲ್ಲಿ ಗೃಹಿಣಿಯರೇ ಇರಬೇಕು.

ಇಷ್ಟು ಬೈದ ಮೇಲೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಹಿಂಬರಹ ಓದಿದ ಮಧುಶ್ರೀ ಕೇಳಿದಳು: “ಅಪ್ಪ, ಅವ್ವ ಏನೂ ಮಾಡಲ್ಲ ಅಂತ ಇವ್ರಿಗೆ ಯಾರು ಯೋಳಿದ್ದು?”

ಹೇಳಿದವನು ನಾನೇ. ಆ ಸೊಪ್ಪಿನ ಕಾಲದಲ್ಲೇ ನಿಮ್ಮ ಗುಮಾಸ್ತರು ಅರ್ಜಿ ತುಂಬುವಾಗ “ಹೆಂಡ್ತಿ ಏನು ಕೆಲಸ ಮಾಡ್ತಾರೆ?” ಎಂದರು. “ಏನಿಲ್ಲ ಸಾ, ಮನೇಲೇ ಅವ್ಳೆ” ಎಂದೆ. ಯೋಚಿಸಿ ಹೇಳಿದ ಸುಳ್ಳಲ್ಲ, ನಾಲಿಗೆಗೆ ರೂಢಿಯಾದ ಮಾತು. ಪಕ್ಕದ ಬೆಂಚಿನಲ್ಲಿ ಅವಳು ಮಂಡಿ ನೀವಿಕೊಳ್ಳುತ್ತ ಕೂತಿದ್ದಳು. ನೆನೆದರೆ ನಾಚಿಕೆಯಾಗುತ್ತದೆ. ಆದರೆ ಹೆಬ್ಬೆಟ್ಟು ಒತ್ತಿಸುವ ಮುಂಚೆ ನಿಮ್ಮವರು “ಕೈ ಒರೆಸ್ಕೊಳ್ಳಮ್ಮ, ಮಸಿ ಆಗಿದೆ” ಎಂದರಲ್ಲ, ಅದು ಮಸಿಯಲ್ಲ, ಹೊಗೆಸೊಪ್ಪಿನ ಅಂಟು. ತಿಂಗಳುಗಟ್ಟಲೆ ಸೊಪ್ಪು ಕಟ್ಟಿದವರ ಕೈಗೆ ಮಾತ್ರ ಹಾಗೆ ಹತ್ತುತ್ತದೆ. ನನ್ನ ಮಾತು ಬರೆದುಕೊಂಡವರು ಆ ಕೈಯನ್ನೇಕೆ ನೋಡಲಿಲ್ಲ?

ನನ್ನ ಬೇಡಿಕೆ ಇಷ್ಟೇ. ಆ ಅರ್ಜಿಯನ್ನು ಮತ್ತೆ ತೆರೆಯಿರಿ. ಅವಳನ್ನು ಕರೆಸಿ, ಮೆಟ್ಟಿಲು ಹತ್ತಲು ಹೊತ್ತಾಗುತ್ತದೆ, ಕಾಯಿರಿ. ನನ್ನನ್ನು ಬಾಗಿಲಾಚೆ ನಿಲ್ಲಿಸಿ, ಏನು ಕೆಲಸ ಮಾಡುತ್ತೀಯಮ್ಮ ಎಂದು ಅವಳನ್ನೇ ಕೇಳಿ. ಉತ್ತರಕ್ಕೆ ನಿಮ್ಮ ಆ ಒಂದು ಸಾಲಿನ ಜಾಗ ಸಾಲುವುದಿಲ್ಲ, ಬೇರೆ ಹಾಳೆ ಇಟ್ಟುಕೊಂಡಿರಿ.

ಇಂತಿ,
ಕೇಳಿದಾಗ ತಪ್ಪು ಉತ್ತರ ಕೊಟ್ಟ ಗಂಡ,
ಚಲುವಯ್ಯ
ಕಟ್ಟೆಮಳಲವಾಡಿ, ಹುಣಸೂರು ತಾಲ್ಲೂಕು