ಒಂದೂ ಸಾವಿಲ್ಲದ ತಿಂಗಳು

ಶ್ರೀನಿವಾಸಪುರದ ಮಾವಿನ ಮಂಡಿಯ ಸಾರ್ವಭೌಮರೂ, ಮೊಮ್ಮಗನ ಬೆನ್ನಿಗೆ ಗುದ್ದುವ ಕಲೆಯಲ್ಲಿ ಅದ್ವಿತೀಯರೂ ಆದ ಶ್ರೀಮನ್ ಕೋದಂಡರಾಮಪ್ಪ ತಾತನವರ ದಿವ್ಯ ಪಾದಗಳಿಗೆ,

ತಾವು ಐಸಿಯುನಲ್ಲಿ ಬಿಟ್ಟುಬಂದ ಹಲ್ಲುಸೆಟ್ಟು ತರಲು ಇಂದು ಕೋಲಾರದ ಆ ಆಸ್ಪತ್ರೆಗೆ ಬಿಜಯಂಗೈದೆ. ಐಸಿಯು ಬಾಗಿಲ ಪಕ್ಕದಲ್ಲಿ ಹೊಸ ಗಾಜಿನ ಬೋರ್ಡು, ಅದಕ್ಕೊಂದು ಹೂವಿನ ಹಾರ ಬೇರೆ: 'ಉತ್ತಮ ಚಿಕಿತ್ಸೆ. ಈ ತಿಂಗಳು ನಮ್ಮ ಐಸಿಯುನಲ್ಲಿ ಒಂದೂ ಸಾವಿಲ್ಲ.'

"ಮತ್ತೆ ನಮ್ ತಾತ?" ಎಂದೆ.

ಬೋರ್ಡಿನ ಪಕ್ಕ ನಿಂತಿದ್ದ ಆಸ್ಪತ್ರೆಯ ಮ್ಯಾನೇಜರ್ ನಕ್ಕ. "ಅವರು ಇಲ್ಲಿ ಸತ್ತಿಲ್ಲ ಕಣಪ್ಪಾ. ಇನ್ನು ಆಗಲ್ಲ, ಮನೆಗೆ ಕರ್ಕೊಂಡ್ಹೋಗಿ ಅಂದ್ವಿ, ಹೋದ್ರಿ. ನಮ್ ಲೆಕ್ಕದಲ್ಲಿ ಡಿಸ್ಚಾರ್ಜ್."

ಊರು ಸೇರುವ ಮೊದಲೇ ಆಂಬುಲೆನ್ಸಿನಲ್ಲಿ ತಮ್ಮ ಉಸಿರು ನಿಂತದ್ದು ಯಾವ ಲೆಕ್ಕಕ್ಕೂ ಇಲ್ಲ. ಕಬ್ಬಿಣದ ಕುರ್ಚಿ ಎತ್ತಿ ಬೋರ್ಡಿಗೆ ಬೀಸಿದೆ. ಗಾಜು ಸಿಡಿದು ಮ್ಯಾನೇಜರನ ಹುಬ್ಬು ಸೀಳಿತು. ಸೆಕ್ಯೂರಿಟಿಯವನು ನನ್ನ ಕತ್ತು ಹಿಡಿದು ಗೋಡೆಗೆ ಅಪ್ಪಳಿಸಿದ. "ಏನ್ಲಾ, ರೌಡೀನಾ ನೀನು?" ಅವನ ಕೈ ಕಚ್ಚಿದೆ, ಬಾಯ್ತುಂಬ ರಕ್ತ. ತಮ್ಮ ಹಲ್ಲುಸೆಟ್ಟು ಧರಿಸಿದ್ದರೆ ಇನ್ನೂ ಆಳಕ್ಕೆ ಇಳಿಯುತ್ತಿತ್ತು.

ಒಂದು ಮಾತು ಮಾತ್ರ ಯಾರಿಗೂ ಹೇಳಿಲ್ಲ ತಾತ. ಬೋರ್ಡು ಓದಿದ ಆ ಒಂದು ಕ್ಷಣ ನಾನು ಅದನ್ನು ನಂಬಿಬಿಟ್ಟಿದ್ದೆ. ಬಾಗಿಲ ಕಿಂಡಿಯಲ್ಲಿ ಇಣುಕಿ ನಿನ್ನ ಮಂಚ ಹುಡುಕಿದ್ದೆ.