ಟರ್ಬೊ ಕಾರಿನ ಆಯಿಲ್

ಶೆಟ್ಟಿಕೆರೆ, ಸೋಮವಾರ

ಪೂಜ್ಯ ಮಾವನವರಾದ ಸದಾಶಿವಯ್ಯನವರಿಗೆ ನಮಸ್ಕಾರ.

ಹೋದ ವಾರ ನನ್ನ ಟರ್ಬೊ ಕಾರಿಗೆ, "ಎಲ್ಲಾ ಆಯಿಲ್ಲೂ ಒಂದೇ ಬುಡಿ ಅಳಿಯಂದ್ರೇ" ಎಂದು ಟ್ರ್ಯಾಕ್ಟರಿನ ಆಯಿಲ್ ಹುಯ್ದಿರಿ. ಅದೇನು ಕೊಬ್ಬರಿ ಮೂಟೆ ಹೇರುವ ಗಾಡಿಯೇ? ಅದಕ್ಕೆ ಫುಲ್ ಸಿಂಥೆಟಿಕ್ ಆಯಿಲ್ಲೇ ಆಗಬೇಕು. ದೂರ ಓಡಿ ಬಂದರೆ ಎಂಜಿನ್ ತಕ್ಷಣ ಆಫ್ ಮಾಡದೆ, ಒಂದು ನಿಮಿಷ ಸುಧಾರಿಸಿಕೊಳ್ಳಲು ಬಿಡಬೇಕು.

ನಿಮ್ಮ ಮಗಳು ಇಂಪನಾ ಅಟ್ಟಕ್ಕೆ ನಾಲ್ಕು ಬುಟ್ಟಿ ಕಾಯಿ ಹೊರುವಷ್ಟರಲ್ಲಿ "ಒಸಿ ಕೂತ್ಕತೀನಿ ಕಣ್ರೀ" ಅನ್ನುತ್ತಾಳೆ. ಬಸುರಿಯಾಗಿ ಎಂಟು ತಿಂಗಳಿಗೇ ಈ ಸೋಗು.

ಹೆರಿಗೆಗೆ ಗುರುವಾರ ಕಳಿಸುತ್ತೇನೆ. ರಸ್ತೆ ತುಂಬಾ ಗುಂಡಿ, ಕಾರು ತೆಗೆಯುವುದಿಲ್ಲ. ಬಸ್ಸು ಹತ್ತಿಸುತ್ತೇನೆ, ಸೀಟಿಲ್ಲದಿದ್ದರೆ ನಿಂತು ಬರುತ್ತಾಳೆ.

ಅದೇ ಬಸ್ಸು ವಾಪಸ್ಸು ಬರುವಾಗ ಕಂಡಕ್ಟರ್ ಕೈಯಲ್ಲಿ ಐದು ಲೀಟರ್ ಆಯಿಲ್ ಕಳಿಸಿ. ಟಿಕೆಟ್ ತೆಗೆದು, ಡಬ್ಬಿಯನ್ನು ಸೀಟಿನ ಮೇಲೇ ಇಡಿಸಿ. ಕುಲುಕಬಾರದು.

ಇತಿ ನಿಮ್ಮ ಅಳಿಯ,
ಬಸವಕುಮಾರ್