ಎಣ್ಣೆ ಕಾಣದ ಬಾಗಿಲು

ಅಪ್ಪಾ,

ಇವತ್ತು ಮುಂಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟೆ. ಊರವರ ಬಾಗಿಲುಗಳನ್ನೆಲ್ಲ ಸದ್ದಿಲ್ಲದಂತೆ ಕೂರಿಸಿದ ಬಡಗಿ ನೀವು, ನಮ್ಮ ಮನೆಯದನ್ನು ಮಾತ್ರ ಕಿರುಗುಟ್ಟಲು ಬಿಟ್ಟಿದ್ದಿರಿ. ಯಾಕೆಂದು ನನಗೆ ಆಗಲೇ ಅನುಮಾನವಿತ್ತು. ಕುಕ್ಕರ್ ಕೂಗಿದರೆ "ಕರ್ತನಿಗೆ ಸ್ತೋತ್ರ", ನಲ್ಲಿಯಲ್ಲಿ ನೀರು ಬಂದ ಸದ್ದಾದರೆ "ಕರ್ತನಿಗೆ ಸ್ತೋತ್ರ" ಎನ್ನುತ್ತಿದ್ದಿರಿ, ಅದು ಸರಿ. ಆದರೆ ನಾನು ಬಾಗಿಲು ತೆಗೆದಾಗ ಒಳಗಿನಿಂದ ಬರುತ್ತಿದ್ದ ಅದೇ ಸ್ತೋತ್ರ ನನಗೆ ಕಾವಲುಗಾರನ ಸೀಟಿಯಂತೆ ಕೇಳುತ್ತಿತ್ತು. ದೇವರ ಹೆಸರಲ್ಲಿ ನನ್ನ ಮೇಲೆ ಕಣ್ಣಿಟ್ಟಿದ್ದೀರಿ ಎಂದುಕೊಂಡೇ ನಾನು ಬೇರೆ ಮನೆ ಮಾಡಿದ್ದು.

ಅಮ್ಮ ಬಂದವಳೇ ಎಣ್ಣೆ ಡಬ್ಬಿ ಕಿತ್ತುಕೊಂಡಳು.

"ಯಾರು ಹೇಳಿದ್ರು ನಿಂಗೆ ಇದನ್ನ ಮಾಡು ಅಂತ? ನೀನು ಮನೆ ಬಿಟ್ಟ ಮೇಲೂ, ನಿಮ್ಮಪ್ಪ ಸಾಯೋವರೆಗೂ, ಆ ಸದ್ದಾದ್ರೆ ಸಾಕು, ನೀನೇ ಬಂದೆ ಅಂತ ಸ್ತೋತ್ರ ಹೇಳ್ಕೊಂಡು ಎದ್ದು ಬರ್ತಿದ್ರು. ಬಂದು ನೋಡಿದ್ರೆ ನಾನೇ ಹಾಲು ತಗೊಂಡು ಒಳಗೆ ಬರ್ತಿರ್ತಿದ್ದೆ."

ನಿಮ್ಮ ಪರ ವಹಿಸಿ ಕಥೆ ಕಟ್ಟುತ್ತಿದ್ದಾಳೇನೋ ಎಂದು ಆಗಲೂ ಅನಿಸಿತು. ಆದರೂ ಬಟ್ಟೆ ತಂದು ಕೀಲುಗಳನ್ನು ಒರೆಸಿದೆ. ಅವಳು ಅಡುಗೆಮನೆಗೆ ಹೋದ ಮೇಲೆ ಮತ್ತೆ ಮತ್ತೆ ಬಾಗಿಲು ತೆಗೆದು ಹಾಕಿ ನೋಡಿದೆ.

ಏನು ಮಾಡಿದರೂ ಅದು ಬಾಯಿ ಬಿಡುತ್ತಿಲ್ಲ, ಅಪ್ಪಾ.